ಒಂಬತ್ತು ತಂತಿಯ ಮೋಟಾರು: ಅಪ್ಪನವರಿಗೆ ಪತ್ರ

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಅಮೆರಿಕದಲ್ಲಿ ಕ್ಷೇಮ. ನೀವು, ಅಮ್ಮ, ಅತ್ತೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರವನ್ನು ಓದಿದೆ, ಪುಟ್ಟ ಕಳುಹಿಸಿದ, ಮೋಟಾರಿನ ವಿವರ ಬರೆದ ನೇಮ್‌ಪ್ಲೇಟಿನ ಫೋಟೋವನ್ನೂ ನೋಡಿದೆ. ಸಾಲ ಮಾಡಿ ಅಮೆರಿಕದಿಂದ ತರಿಸಿದ ಗಾಳಿಯ ಕಂಪ್ರೆಸರು ಇನ್ನೂ ಒಂದು ಸುತ್ತು ತಿರುಗಿಲ್ಲ, ಬ್ಯಾಂಕಿನ ಕಂತು ಮಾತ್ರ ಆರಂಭವಾಗಿದೆ, ಚಿಕ್ಕಪ್ಪ ಮೋಟಾರನ್ನು ಗುಜರಿಗೆ ಹಾಕಿ ಹೊಸದನ್ನು ತರಿಸಿ ಎನ್ನುತ್ತಿದ್ದಾರೆ, ವೈರಿಂಗಿನವರು ಡೆಲ್ಟಾ (ಸುರುಳಿಗಳನ್ನು ತ್ರಿಕೋನವಾಗಿ ಸೇರಿಸುವ ಜೋಡಣೆ) ಮಾಡಿ ಕರೆಂಟು ಕೊಟ್ಟುಬಿಡೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ರಾತ್ರಿ ನಿದ್ರೆ ಬರುತ್ತಿಲ್ಲವೆಂದೂ ಬರೆದಿದ್ದೀರಿ. ಅಪ್ಪ, ಹಣ ಮುಳುಗಿಲ್ಲ. ಆ ಮೋಟಾರು ನಮ್ಮ 415 ವೋಲ್ಟಿನಲ್ಲಿ ಓಡುತ್ತದೆ. ಆದರೆ ಈ ಪತ್ರವನ್ನು ಪುಟ್ಟ ಕೊನೆಯವರೆಗೆ ಓದಿ, ಮೀಟರಿನಿಂದ ಎಲ್ಲವನ್ನೂ ಪರೀಕ್ಷಿಸುವ ತನಕ ಯಾರೂ ಅದಕ್ಕೆ ಕರೆಂಟು ಕೊಡಕೂಡದು. ವೈರಿಂಗಿನವರು ಎಷ್ಟೇ ಅವಸರ ಮಾಡಿದರೂ ನೀವು ಒಪ್ಪಬೇಡಿ.

ನೇಮ್‌ಪ್ಲೇಟಿನಲ್ಲಿ ಇರುವ ಮುಖ್ಯ ಅಂಕಿಗಳು ಇಷ್ಟು: 10 ಎಚ್‌ಪಿ, 230/460 ವೋಲ್ಟು, 25/12.5 ಆಂಪಿಯರು, 60 ಹರ್ಟ್ಸ್, ನಿಮಿಷಕ್ಕೆ 1755 ಸುತ್ತು. ಎರಡೆರಡು ವೋಲ್ಟೇಜು ಬರೆದಿರುವುದನ್ನು ನೋಡಿ, ಇದರ ನಡುವಿನ ಯಾವ ವೋಲ್ಟೇಜಿಗಾದರೂ ಇದು ಹೊಂದಿಕೊಳ್ಳುತ್ತದೆ ಎಂದು ವೈರಿಂಗಿನವರು ತಿಳಿದಂತಿದೆ. ಅದು ಹಾಗಲ್ಲ. ಈ ಮೋಟಾರಿನೊಳಗೆ ಪ್ರತಿ ಫೇಸಿನ ಸುರುಳಿಯೂ ಎರಡು ಸಮಭಾಗಗಳಾಗಿದೆ. ಆ ಎರಡು ಭಾಗಗಳನ್ನು ಒಂದರ ಪಕ್ಕಕ್ಕೆ ಒಂದರಂತೆ ಪ್ಯಾರಲಲ್ ಸೇರಿಸಿದರೆ 230 ವೋಲ್ಟಿಗೆ, ಒಂದರ ಬಾಲಕ್ಕೆ ಇನ್ನೊಂದರ ತಲೆಯಂತೆ ಸೀರೀಸ್ ಸೇರಿಸಿದರೆ 460 ವೋಲ್ಟಿಗೆ ಅದು ಸಿದ್ಧವಾಗುತ್ತದೆ. ಹೊರಗಿನ ವೋಲ್ಟೇಜು ಇವೆರಡರಲ್ಲಿ ಯಾವುದೇ ಇರಲಿ, ಅದಕ್ಕೆ ತಕ್ಕ ಜೋಡಣೆಯಿದ್ದರೆ ಒಂದೊಂದು ಭಾಗದ ಪಾಲಿಗೆ ಬರುವುದು ಅಷ್ಟೇ. ಮೋಟಾರು ಕೊಡುವ ಶಕ್ತಿಯೂ ಅಷ್ಟೇ. ಹೊರಗಿನಿಂದ ಎಳೆಯುವ ಕರೆಂಟು ಮಾತ್ರ 25ರಿಂದ 12.5ಕ್ಕೆ ಇಳಿಯುತ್ತದೆ. ಒಂಬತ್ತೂ ತಂತಿಗಳನ್ನು ಕಂಡು ಗಲಿಬಿಲಿಗೊಂಡು ಯಾರಾದರೂ ಪ್ಯಾರಲಲ್ ಜೋಡಣೆ ಮಾಡಿ ಅದಕ್ಕೆ 415 ಕೊಟ್ಟರೆ, ಸುರುಳಿಯ ಮೇಲೆ ಬೀಳುವುದು ಸುಮಾರು 1.8 ಪಟ್ಟು ವೋಲ್ಟೇಜು. ಆಗ ಸುರುಳಿಯೊಳಗಿನ ಕಬ್ಬಿಣದ ಕೋರು ಕಾಂತತ್ವದಿಂದ ತುಂಬಿ ತುಳುಕಿ, ಕರೆಂಟು ಮಿತಿಮೀರಿ ಹರಿದು, ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಕರಕಲಾಗುತ್ತದೆ. ನನ್ನ ಭಯವೆಲ್ಲ ಅದೊಂದರದೇ.

ವೈರಿಂಗಿನವರನ್ನು ನಾನು ದೂರುತ್ತಿಲ್ಲ. ಅವರು ನಿತ್ಯ ಕಾಣುವುದು ನಮ್ಮ ಆರು ಮೊಳೆಗಳ ಟರ್ಮಿನಲ್ ಬಾಕ್ಸು. ಕೆಳಗೆ ಯು1, ವಿ1, ಡಬ್ಲ್ಯು1, ಮೇಲೆ ಡಬ್ಲ್ಯು2, ಯು2, ವಿ2. ಮೂರು ಹಿತ್ತಾಳೆ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿದರೆ ಡೆಲ್ಟಾ, ಮೇಲಿನ ಸಾಲಿನ ಮೂರನ್ನೂ ಅಡ್ಡಕ್ಕೆ ಕಟ್ಟಿದರೆ ಸ್ಟಾರ್, ಅಂದರೆ ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಕಡೆ ಸೇರುತ್ತದೆ. ಮೇಲಿನ ಸಾಲನ್ನು ಬೇಕೆಂದೇ ಒಂದು ಸ್ಥಾನ ಸರಿಸಿ ಇಟ್ಟಿರುವುದರಿಂದ, ಪಟ್ಟಿಯನ್ನು ನೇರವಾಗಿ ಇಳಿಸಿದರೆ ಸಾಕು, ಸುರುಳಿಗಳು ತಾವಾಗಿಯೇ ತ್ರಿಕೋನವಾಗಿ ಸೇರಿಕೊಳ್ಳುತ್ತವೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡು ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದ ಮೋಟಾರುಗಳ ಪೆಟ್ಟಿಗೆ ತೆರೆದರೆ ಬಹುಪಾಲು ಒಳಗೆ ಮೊಳೆಯೂ ಇಲ್ಲ, ಪಟ್ಟಿಯೂ ಇಲ್ಲ. ಅಂಕಿ ಬರೆದ ಒಂಬತ್ತು ತಂತಿಗಳು ಸುಮ್ಮನೆ ಹೊರಗೆ ಬಂದಿರುತ್ತವೆ. ಅವುಗಳ ತುದಿಗೆ ಲಗ್ ಹಾಕಿ, ಬೋಲ್ಟಿನಿಂದ ಬಿಗಿದು, ಮೇಲೆ ರಬ್ಬರು ಟೇಪು, ಅದರ ಮೇಲೆ ಇನ್ನೊಂದು ಟೇಪು ಸುತ್ತಿ ಪೆಟ್ಟಿಗೆಯೊಳಗೆ ಮಡಚಿಡಬೇಕು. ನಮ್ಮ ಕಡೆಯ ಪೆಟ್ಟಿಗೆಯ ಚಿತ್ರವನ್ನು ಇಲ್ಲಿನ ಹಿರಿಯ ಮೆಕ್ಯಾನಿಕರೊಬ್ಬರಿಗೆ ತೋರಿಸಿದಾಗ ಅವರು ಬಹಳ ಮೆಚ್ಚಿದರು, ನನಗೆ ಹೆಮ್ಮೆಯಾಯಿತು.

ಆದರೆ ಇವರ ಒಂಬತ್ತು ತಂತಿಗೂ ಕಾರಣವಿದೆ ಎಂಬುದನ್ನು ಚಿಕ್ಕಪ್ಪನವರಿಗೆ ತಿಳಿಸಿ. ಇಲ್ಲಿ ಒಂದು ಕಟ್ಟಡದಲ್ಲಿ 208 ವೋಲ್ಟು, ಅದರ ಪಕ್ಕದ ಕಾರ್ಖಾನೆಯಲ್ಲಿ 480, ಹಳೆಯ ವರ್ಕ್‌ಶಾಪಿನಲ್ಲಿ 240. ಹಳೆಯ 240ರ ಒಂದು ಬಗೆಯ ಸರಬರಾಜಿನಲ್ಲಿ ಎರಡು ಫೇಸುಗಳು ನ್ಯೂಟ್ರಲ್‌ಗೆ 120 ವೋಲ್ಟು ತೋರಿಸಿದರೆ ಮೂರನೆಯದು 208 ತೋರಿಸುತ್ತದೆ. ಅದಕ್ಕೆ ಕಿತ್ತಳೆ ಬಣ್ಣದ ಗುರುತು ಹಾಕಿರುತ್ತಾರೆ. ಒಂದೇ ಮೋಟಾರು ಇಷ್ಟು ಕಡೆ ಮಾರಾಟವಾಗಬೇಕಾದರೆ ಅದರ ಸುರುಳಿಯನ್ನು ಎರಡಾಗಿ ಒಡೆದು ತಂತಿಗಳನ್ನು ಹೊರಗೆ ಬಿಡದೆ ಬೇರೆ ದಾರಿಯಿಲ್ಲ. ಸರಬರಾಜು 480 ಆಗಿದ್ದರೂ ಮೋಟಾರಿನ ಮೇಲೆ 460 ಎಂದು ಬರೆಯುವುದು, ಕೇಬಲ್ಲಿನಲ್ಲಿ ಇಳಿಯುವ ವೋಲ್ಟೇಜನ್ನು ಮೊದಲೇ ಕಳೆದು ಬರೆಯುವ ಇವರ ರೂಢಿ.

ಈಗ ಪುಟ್ಟ ಮಾಡಬೇಕಾದ ಕೆಲಸ. 5 ಮತ್ತು 8ನೆಯ ತಂತಿಗಳ ಅಂಕಿ ಅಳಿಸಿಹೋಗಿವೆ, ಯಾವುದು ಯಾವುದೆಂದು ತಿಳಿಯುತ್ತಿಲ್ಲ ಎಂದು ಅವನು ಬರೆದಿದ್ದಾನೆ. ಅದಕ್ಕಾಗಿ ಮೋಟಾರನ್ನು ಬಿಚ್ಚಬೇಕಾಗಿಲ್ಲ. ಎಲ್ಲ ತಂತಿಗಳನ್ನೂ ಬಿಡಿಬಿಡಿಯಾಗಿ ಹರಡಿ, ಮಲ್ಟಿಮೀಟರಿನಲ್ಲಿ ಯಾವುದಕ್ಕೆ ಯಾವುದು ಕೂಡಿದೆ ಎಂದು ನೋಡಲಿ. 1 ಮತ್ತು 4 ಒಂದು ಜೋಡಿ, 3 ಮತ್ತು 6 ಇನ್ನೊಂದು ಜೋಡಿ, 7 ಮತ್ತು 9ರ ಸಂಗಡ ಅಂಕಿಯಿಲ್ಲದ ಒಂದು ತಂತಿ ಸೇರಿ ಮೂವರ ಗುಂಪು ಎಂದು ಬಂದರೆ ಒಳಗಿನದು ಸ್ಟಾರ್. ಆ ಗುಂಪಿನಲ್ಲಿ ಸಿಕ್ಕಿದ್ದು 8, ಒಂಟಿಯಾಗಿ 2ರ ಜೊತೆ ಕೂಡಿದ್ದು 5. ಹಾಗಲ್ಲದೆ ಮೂರು ಮೂರು ತಂತಿಗಳ ಮೂರು ಗುಂಪುಗಳು ಬಂದರೆ ಒಳಗಿನದು ಡೆಲ್ಟಾ. ಆಗ 1, 4, 9 ಒಂದು ಗುಂಪು, 2 ಮತ್ತು 7ರ ಸಂಗಡ ಇರುವುದು 5, 3 ಮತ್ತು 6ರ ಸಂಗಡ ಇರುವುದು 8. ಇವೆರಡರಲ್ಲಿ ಯಾವುದಕ್ಕೂ ಹೊಂದದೆ ಬೇರೆ ರೀತಿ ಬಂದರೆ ಅಲ್ಲಿಗೇ ನಿಲ್ಲಿಸಿ ನನಗೆ ಬರೆಯಲಿ, ಯಾವುದೋ ಸುರುಳಿ ಕೆಟ್ಟಿರಬಹುದು, ಇಲ್ಲವೇ ಯಾರೋ ಹಿಂದೆ ಅದನ್ನು ರಿವೈಂಡ್ ಮಾಡಿಸಿರಬಹುದು. ಹೊಸ ಅಂಕಿಗಳನ್ನು ಅಳಿಸದ ಶಾಯಿಯಲ್ಲಿ ಬರೆದು ತಂತಿಗೆ ಕಟ್ಟಲಿ.

ಅಪ್ಪ, ನೆಮ್ಮದಿಯ ವಿಷಯವೆಂದರೆ, ಒಳಗೆ ಸ್ಟಾರ್ ಇರಲಿ ಡೆಲ್ಟಾ ಇರಲಿ, ನಮ್ಮ 415ಕ್ಕೆ ಬೇಕಾದ ಹೆಚ್ಚಿನ ವೋಲ್ಟೇಜಿನ, ಅಂದರೆ 460ರ, ಜೋಡಣೆ ಎರಡಕ್ಕೂ ಒಂದೇ. 4ಕ್ಕೆ 7, 5ಕ್ಕೆ 8, 6ಕ್ಕೆ 9 ಸೇರಿಸಿ ಬಿಗಿದು ಟೇಪು ಸುತ್ತಬೇಕು. ಸರಬರಾಜಿನ ಮೂರು ಫೇಸುಗಳು 1, 2, 3ಕ್ಕೆ. ವ್ಯತ್ಯಾಸ ಬರುವುದು ಕಡಿಮೆ ವೋಲ್ಟೇಜಿನ ಜೋಡಣೆಯಲ್ಲಿ ಮಾತ್ರ, ಅದು ನಮಗೆ ಬೇಡವೇ ಬೇಡ. ವೈರಿಂಗಿನವರು ಡೆಲ್ಟಾ ಮಾಡೋಣ ಎಂದರೆ ಪುಟ್ಟ ಈ ಸಾಲನ್ನು ಅವರಿಗೆ ತೋರಿಸಲಿ. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಕೊಳ್ಳುವ ಯೋಚನೆಯನ್ನೂ ಬಿಡಿ. ಆ ಸ್ಟಾರ್ಟರಿಗೆ ಮೂರು ಸುರುಳಿಗಳ ಎರಡೂ ತುದಿಗಳು ಹೊರಗೆ ಬೇಕು. ಒಂಬತ್ತು ತಂತಿಯ ಮೋಟಾರಿನಲ್ಲಿ ಕೆಲವು ಕೊಂಡಿಗಳು ಒಳಗೇ ಸೇರಿಹೋಗಿರುವುದರಿಂದ ಅದು ಹೊಂದುವುದಿಲ್ಲ. 415 ವೋಲ್ಟಿನ ಕಾಯಿಲ್ ಇರುವ ಸಾಧಾರಣ ಡಿಒಎಲ್ ಸ್ಟಾರ್ಟರ್ (ಮೋಟಾರನ್ನು ನೇರವಾಗಿ ಲೈನಿಗೆ ಸೇರಿಸುವಂಥದ್ದು) ಸಾಕು. ಯಂತ್ರದ ಜೊತೆ ಬಂದ ಹಳೆಯ ಸ್ಟಾರ್ಟರಿನ ಕಾಯಿಲ್ ಇಲ್ಲಿನ ವೋಲ್ಟೇಜಿನದು, ಅದನ್ನು ಬಳಸಬೇಡಿ.

ಇನ್ನುಳಿದಿರುವುದು 60 ಹರ್ಟ್ಸಿನ ವಿಚಾರ, ನಮ್ಮ ಲೈನು 50 ಹರ್ಟ್ಸಿನದಲ್ಲವೇ. ಚಿಕ್ಕಪ್ಪನವರ ಸಂಶಯವೂ ಇದೇ, ಮತ್ತು ಅದು ನ್ಯಾಯವಾದದ್ದು. ವೋಲ್ಟೇಜನ್ನು ಹರ್ಟ್ಸಿನಿಂದ ಭಾಗಿಸಿ ನೋಡಬೇಕು. 460ನ್ನು 60ರಿಂದ ಭಾಗಿಸಿದರೆ 7.67, ನಮ್ಮ 415ನ್ನು 50ರಿಂದ ಭಾಗಿಸಿದರೆ 8.3. ಅಂದರೆ ಕೋರಿನ ಕಾಂತೀಯ ಹೊರೆ ಸುಮಾರು 8 ಶೇಕಡ ಹೆಚ್ಚು. ಇಷ್ಟನ್ನು ಒಳ್ಳೆಯ ಮೋಟಾರು ತಡೆಯುತ್ತದೆ, ಆದರೆ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಮತ್ತು ಅದರ ಫ್ಯಾನು ನಿಧಾನವಾಗಿ ತಿರುಗುವುದರಿಂದ ಗಾಳಿಯೂ ಕಡಿಮೆ ಸಿಗುತ್ತದೆ. ಹೊರೆ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ಲೈನು 440ಕ್ಕೆ ಏರಿದರೆ ಆ 8 ಶೇಕಡ 15 ಆಗುತ್ತದೆ, ಅದು ನನಗೆ ಒಪ್ಪಿಗೆಯಲ್ಲ. ಆದ್ದರಿಂದ ಮೂರೂ ಫೇಸುಗಳ ನಡುವಿನ ವೋಲ್ಟೇಜನ್ನು ಪುಟ್ಟ ಮಧ್ಯಾಹ್ನವೂ ರಾತ್ರಿಯೂ ಅಳೆದು ಬರೆಯಲಿ. ಮೂರರ ನಡುವಿನ ಅಂತರವನ್ನೂ ಗಮನಿಸಲಿ, ಏಕೆಂದರೆ ವೋಲ್ಟೇಜಿನಲ್ಲಿ 1 ಶೇಕಡ ಅಸಮತೋಲವಿದ್ದರೆ ಕರೆಂಟಿನಲ್ಲಿ ಅದು ಆರು ಪಟ್ಟು, ಹತ್ತು ಪಟ್ಟು ಆಗಿ ಕಾಣಿಸಿಕೊಳ್ಳುತ್ತದೆ.

50 ಹರ್ಟ್ಸಿನಲ್ಲಿ ಮೋಟಾರು 1755ರ ಬದಲು ಸುಮಾರು 1450 ಸುತ್ತು ತಿರುಗುತ್ತದೆ, ಅದರ ಶಕ್ತಿಯೂ ಆರರಲ್ಲಿ ಐದು ಪಾಲಿಗೆ, ಅಂದರೆ 8.3 ಎಚ್‌ಪಿಗೆ ಇಳಿಯುತ್ತದೆ. ಕಂಪ್ರೆಸರೂ ಅದೇ ಪ್ರಮಾಣದಲ್ಲಿ ನಿಧಾನವಾಗುವುದರಿಂದ ಅದು ಕೇಳುವ ಶಕ್ತಿಯೂ ಅಷ್ಟೇ ಕಡಿಮೆಯಾಗುತ್ತದೆ, ಲೆಕ್ಕ ಸರಿಹೋಗುತ್ತದೆ. ಗಾಳಿ ಕಡಿಮೆ ಬರುತ್ತಿದೆಯೆಂದು ಯಾರಾದರೂ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿಸಿ ಎಂದರೆ ಕಿವಿಗೊಡಬೇಡಿ. ಪುಲ್ಲಿ ದೊಡ್ಡದಾದರೆ ಕಂಪ್ರೆಸರು ಹಳೆಯ ವೇಗಕ್ಕೆ ಬಂದು 10 ಎಚ್‌ಪಿ ಕೇಳುತ್ತದೆ, ಮೋಟಾರಿನಲ್ಲಿ ಇರುವುದು 8.3. ಮೊದಮೊದಲು ಪ್ರೆಷರ್ ಸ್ವಿಚ್ಚನ್ನು ಕಡಿಮೆ ಒತ್ತಡಕ್ಕೆ ಇಳಿಸಿ ಓಡಿಸಿ, ಸೇಫ್ಟಿ ವಾಲ್ವನ್ನು ಮುಟ್ಟಬೇಡಿ.

ಬಿಸಿ ಹೆಚ್ಚಾದರೆ ಉಪಾಯವಿದೆ, ಅದಕ್ಕೂ ಹೊಸ ಮೋಟಾರು ಬೇಡ. ವೋಲ್ಟೇಜು, ಹರ್ಟ್ಸು ಎರಡನ್ನೂ ಬೇಕಾದಂತೆ ಬದಲಿಸಿ ಕೊಡುವ ವಿಎಫ್‌ಡಿ ಡ್ರೈವ್ ಒಂದನ್ನು ಹಾಕಿ, ಮೋಟಾರಿನ ಮೂಲ ಅಂಕಿಗಳಾದ 460 ವೋಲ್ಟು, 60 ಹರ್ಟ್ಸನ್ನೇ ಅದರಲ್ಲಿ ನಮೂದಿಸಿದರೆ, 50 ಹರ್ಟ್ಸಿನಲ್ಲಿ ಅದು ತಾನಾಗಿ 383 ವೋಲ್ಟು ಮಾತ್ರ ಕೊಡುತ್ತದೆ. ಆಗ ಕೋರಿನ ಮೇಲೆ ಹೆಚ್ಚುವರಿ ಹೊರೆಯೇ ಇಲ್ಲ, ಸ್ಟಾರ್ಟ್ ಆಗುವಾಗಿನ ಜಗ್ಗಾಟವೂ ಇರುವುದಿಲ್ಲ. ನನ್ನ ಮನಸ್ಸಿಗೆ ಇದೇ ಒಳ್ಳೆಯದೆನಿಸುತ್ತದೆ. ಆದರೂ ಈಗಲೇ ಕೊಳ್ಳುವುದು ಬೇಡ, ಅಳತೆಗಳು ಬರಲಿ.

ಹಡಗಿನಲ್ಲಿ ಬಂದ ಯಂತ್ರವಾದ್ದರಿಂದ ವೈಂಡಿಂಗ್ ತೇವ ಹಿಡಿದಿರಬಹುದು. ಜೋಡಣೆಗೆ ಮೊದಲು ಸುರುಳಿಗೂ ಬಾಡಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಾಕಿಸಿ, ಕನಿಷ್ಠ 5 ಮೆಗಾಓಮ್ ಬರಬೇಕು. ಬಾರದಿದ್ದರೆ ಮೃದುವಾದ ಬಿಸಿಯಲ್ಲಿ ಒಣಗಿಸಿ ಮತ್ತೆ ನೋಡಬೇಕು. ಅರ್ತಿಂಗ್ ತಂತಿಯನ್ನು ಮೊದಲು ಬಿಗಿಯಬೇಕು. ಕರೆಂಟು ಮಿತಿಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು 12.5 ಆಂಪಿಯರಿಗೆ ಇಡಬೇಕು, 25ಕ್ಕೆ ಖಂಡಿತ ಅಲ್ಲ. 25ಕ್ಕೆ ಇಟ್ಟರೆ ಮೋಟಾರು ಸುಟ್ಟ ಮೇಲೆ ರಿಲೇ ಎಚ್ಚರಗೊಳ್ಳುತ್ತದೆ. ಬೆಲ್ಟು ಬಿಚ್ಚಿ ಮೋಟಾರನ್ನು ಒಂಟಿಯಾಗಿ ಓಡಿಸಿ, ಕ್ಲಾಂಪ್ ಮೀಟರಿನಲ್ಲಿ ಮೂರು ಫೇಸಿನ ಕರೆಂಟನ್ನೂ ಬರೆದುಕೊಳ್ಳಿ. ಕಂಪ್ರೆಸರಿನ ದೊಡ್ಡ ಚಕ್ರದ ಮೇಲಿನ ಬಾಣಕ್ಕೆ ವಿರುದ್ಧವಾಗಿ ತಿರುಗಿದರೆ ಯಾವುದಾದರೂ ಎರಡು ಫೇಸುಗಳನ್ನು ಅದಲುಬದಲು ಮಾಡಿದರೆ ಸಾಕು. ಆ ಚಕ್ರದ ಕಡ್ಡಿಗಳೇ ಸಿಲಿಂಡರಿಗೆ ಗಾಳಿ ಬೀಸುವುದರಿಂದ ದಿಕ್ಕು ತಪ್ಪಬಾರದು. ಪೆಟ್ಟಿಗೆಯಲ್ಲಿ ಕೈಯಿಡುವ ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು ಪುಟ್ಟನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಅಪ್ಪ, ನೀವು ದಯವಿಟ್ಟು ಕುರ್ಚಿಯಲ್ಲಿ ಕುಳಿತು ನೋಡಿ, ಸ್ಕ್ರೂಡ್ರೈವರ್ ಹಿಡಿಯಬೇಡಿ.

ಕಂತಿನ ಬಗ್ಗೆ ನೀವು ಒಂದಿಷ್ಟೂ ಯೋಚಿಸಬಾರದು. ಯಂತ್ರ ಓಡಿ ಕೆಲಸ ಬರುವವರೆಗೆ ಕಂತು ನನ್ನದು, ಬ್ಯಾಂಕಿಗೆ ನೇರವಾಗಿ ಕಟ್ಟುತ್ತೇನೆ, ನನಗೆ ಇದರಿಂದ ಯಾವ ತೊಂದರೆಯೂ ಇಲ್ಲ, ನಿಜವಾಗಿಯೂ ಇಲ್ಲ. ಪುಟ್ಟ ಕೊಂಡ ಯಂತ್ರ ಒಳ್ಳೆಯದು, ನೇಮ್‌ಪ್ಲೇಟಿನಲ್ಲಿ 1.15 ಸರ್ವಿಸ್ ಫ್ಯಾಕ್ಟರ್ ಎಂದೂ ಇದೆ, ಅಂದರೆ ಬರೆದ ಶಕ್ತಿಗಿಂತ 15 ಶೇಕಡ ಹೆಚ್ಚಿನ ಹೊರೆಯನ್ನೂ ತಡೆಯುವಷ್ಟು ಗಟ್ಟಿಯಾಗಿಯೇ ಮಾಡಿದ್ದಾರೆ. ಅವನನ್ನು ಬೈಯಬೇಡಿ. ಚಿಕ್ಕಪ್ಪನವರಿಗೆ ಗುಜರಿಯವರನ್ನು ಕರೆಯಬಾರದೆಂದು ನಾನು ಕೇಳಿಕೊಂಡೆನೆಂದು ಹೇಳಿ. ನಿದ್ರೆ ಮಾಡಿ, ಮಾತ್ರೆ ತಪ್ಪಿಸಬೇಡಿ.

ಅಮ್ಮ ಕೇಳಿದ ಇನ್ನೊಂದು ವಿಷಯಕ್ಕೆ ಮುಂದಿನ ಪತ್ರದಲ್ಲಿ ಉತ್ತರಿಸುತ್ತೇನೆ. ಪಾಳಿಯ ಹೊತ್ತಾಯಿತು, ಹೊರಡುತ್ತಿದ್ದೇನೆ. ವೋಲ್ಟೇಜು, ಮೆಗ್ಗರ್, ಮೂರು ಫೇಸಿನ ಕರೆಂಟು ಇಷ್ಟನ್ನೂ ಪುಟ್ಟ ಕೂಡಲೇ ಬರೆಯಲಿ.

ಇತಿ ನಿಮ್ಮ ಪ್ರೀತಿಯ ಮಗಳು