ಕೌದಿಯ ಬೆನ್ನನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಕೈಹೊಲಿಗೆಯ ಕೌದಿಯ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಚಿತ್ರಗಳೇನೋ ಚೆನ್ನಾಗಿದ್ದವು. ಆದರೆ ಹೊಸಬರಿಗೂ ಒಂದು ವಾರಾಂತ್ಯ ಸಾಕು ಎಂಬ ಮಾತಿಗೆ ನನ್ನ ತಕರಾರಿದೆ. ಎರಡಡಿ ಚೌಕದ ನನ್ನ ಮೊದಲ ಕೌದಿಗೆ ಐದು ತಿಂಗಳು ಹಿಡಿಯಿತು. ನಾನು 33 ವರ್ಷ ಲೆಕ್ಕಪತ್ರ ಬರೆದು ನಿವೃತ್ತನಾದವನು. ಸೂಜಿ ಹಿಡಿದದ್ದು 61ನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಒಂದು ಗುಂಡಿ ಹಚ್ಚಿಕೊಂಡವನೂ ಅಲ್ಲ.

ಕಚೇರಿಗೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ಹತ್ತಿ ಶರ್ಟುಗಳನ್ನೇ ಕತ್ತರಿಸಿದೆ. ನಾಲ್ಕೂವರೆ ಇಂಚಿನ 36 ಚೌಕ. ಅಂಚಿನಿಂದ ಕಾಲಿಂಚು ಬಿಟ್ಟು ಜೋಡಿಸಿದರೆ ಆರು ಚೌಕದ ಸಾಲು ಇಪ್ಪತ್ತನಾಲ್ಕೂವರೆ ಇಂಚು ಬರಬೇಕು. ಮೊದಲ ಸಾಲು ಬಂತು. ಎರಡನೆಯದು ಅರ್ಧ ಇಂಚಿಗೂ ಹೆಚ್ಚು ಗಿಡ್ಡ! ಲೆಕ್ಕ ತಾಳೆಯಾಗದೆ ನಿದ್ದೆ ಬರುವ ಜಾತಿ ನನ್ನದಲ್ಲ, ಕೂತು ಹುಡುಕಿದೆ. ಗೆರೆಯಿಂದ ಇಂಚಿನ ಹದಿನಾರನೇ ಒಂದು ಪಾಲು ಒಳಗೆ ಸರಿದಿದ್ದೆ, ಅಷ್ಟೇ. ಆದರೆ ಅದು ಎರಡೂ ತುಂಡುಗಳಿಂದ ಕಳೆಯುತ್ತದೆ. ಐದು ಜೋಡಣೆಗೆ ಹತ್ತು ಸಲ.

ಮೇಲಿನ ತೇಪೆಬಟ್ಟೆ, ನಡುವಿನ ಹತ್ತಿ ಹಾಸು, ಕೆಳಗಿನ ಅಸ್ತರು ಮೂರೂ ಸರಿಯದಂತೆ, ನಡುವಿನಿಂದ ಅಂಚಿನ ಕಡೆಗೆ ಅಂಗೈ ಅಗಲಕ್ಕೊಂದು ಸಾಲು ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕಂತೆ. ನಾನು ನಾಲ್ಕು ಮೂಲೆಗೆ ಗುಂಡುಸೂಜಿ ಚುಚ್ಚಿ ಶುರುಮಾಡಿದೆ. ಹತ್ತು ದಿನದ ಕೆಲಸ ಮಗುಚಿ ನೋಡಿದರೆ ಅಸ್ತರು ಮಡಿಕೆಬಿದ್ದು ಹೊಲಿಗೆಯೊಳಗೇ ಸಿಕ್ಕಿಕೊಂಡಿತ್ತು. ಎಲ್ಲ ಬಿಚ್ಚಿದೆ.

ಸೂಜಿಯನ್ನು ಒಳಗೆ ಹೊರಗೆ ಓಡಿಸಿ ಎಂದಷ್ಟೇ ನೀವು ಬರೆದಿರಿ. ಓಡಿಸುವುದು ಹೇಗೆ ಎಂಬುದರಲ್ಲೇ ಇರುವುದು ಎಲ್ಲ. ಸೂಜಿ ಗಿಡ್ಡದಿರಬೇಕು. ಮಧ್ಯದ ಬೆರಳಿಗೆ ಥಿಂಬಲ್, ಅಂದರೆ ಸೂಜಿ ಚುಚ್ಚದಂತೆ ಬೆರಳತುದಿಗೆ ತೊಡುವ ಗುಳಿಗುಳಿಯ ಟೊಪ್ಪಿ ಹಾಕಿ, ಅದರ ಗುಳಿಯಲ್ಲಿ ಸೂಜಿಯ ಹಿಂತುದಿ ಕೂರಿಸಿ ನೆಟ್ಟಗೆ ಕೆಳಗೆ ಒತ್ತಬೇಕು. ಬಟ್ಟೆಯ ಅಡಿಯಲ್ಲಿ ಇನ್ನೊಂದು ಕೈಯ ಬೆರಳು ಕಾಯುತ್ತಿರುತ್ತದೆ. ಮೊನೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಸೂಜಿಯನ್ನು ಹಿಂದಕ್ಕೆ ಮಲಗಿಸಿ, ಅಡಿಯ ಬೆರಳಿನಿಂದ ಮೇಲಕ್ಕೆ ದೂಡಿ, ಹೆಬ್ಬೆರಳಿನಿಂದ ಮುಂದಿನ ಬಟ್ಟೆ ಅದುಮಿದರೆ ಮೊನೆ ಇಣುಕುತ್ತದೆ. ಮತ್ತೆ ನೆಟ್ಟಗೆ, ಮತ್ತೆ ಮಲಗಿಸು, ತೊಟ್ಟಿಲು ತೂಗಿದ ಹಾಗೆ. ಮೂರು ನಾಲ್ಕು ಹೊಲಿಗೆ ಸೂಜಿಗೇರಿದ ಮೇಲೆ ದಾರ ಎಳೆಯುವುದು. ಚೌಕಟ್ಟಿನಲ್ಲಿ ಬಟ್ಟೆಯನ್ನು ತಮಟೆಯಂತೆ ಬಿಗಿದರೆ ಸೂಜಿ ತೂಗುವುದೇ ಇಲ್ಲ, ಸ್ವಲ್ಪ ಸಡಿಲ ಬೇಕು. ಇಷ್ಟು ತಿಳಿಯಲು ಮೂರು ಸೂಜಿ ಮುರಿದೆ. ದಾರದ ಗಂಟನ್ನು ಟಪ್ಪೆಂದು ಎಳೆದು ಮೇಲ್ಬಟ್ಟೆಯ ಕೆಳಗೆ ಹತ್ತಿಯಲ್ಲಿ ಅಡಗಿಸುವುದು ಕೈಗೆ ಬಂದ ದಿನ ಮಾತ್ರ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಏನೂ ಕಾಣಲಿಲ್ಲ, ಕಾಣಬಾರದು ಕೂಡ.

ಇಂಚಿಗೆ ಹತ್ತು ಹೊಲಿಗೆ ಎಂದಿದ್ದೀರಿ. ಪಳಗಿದವರಿಗೆ ಸರಿ. ನನಗೆ ಬಂದದ್ದು ನಾಲ್ಕು, ಈಗ ಆರು. ಒಂದೇ ಅಳತೆಯ ನಾಲ್ಕಾದರೂ ಕಣ್ಣಿಗೆ ಹಿತ. ಹತ್ತರ ಆಸೆಗೆ ಬಿದ್ದು ಹೊಲಿದ ಸಾಲಿನಲ್ಲಿ ನನ್ನ ಸೂಜಿ ಅಸ್ತರನ್ನು ಮುಟ್ಟದೆಯೇ ಮೇಲೆದ್ದಿತ್ತು. ಮೇಲೆ ಅಂದ, ಕೆಳಗೆ ಹೊಲಿಗೆಯೇ ಇಲ್ಲ.

ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಕೌದಿಯ ಚಿತ್ರ ಹಾಕುವಾಗ ಹಿಂಬದಿಯದ್ದನ್ನೂ ಹಾಕಿ. ಎಷ್ಟು ಗಂಟೆ ಹಿಡಿಯಿತು, ಎಷ್ಟು ಸಲ ಬಿಚ್ಚಿದಿರಿ ಎಂದು ಹೊಲಿದವರನ್ನೇ ಕೇಳಿ ಬರೆಯಿರಿ. ನನಗೆ ಗೊತ್ತಿರುವ ಇಬ್ಬರು ಆ ಬರಹ ನೋಡಿ ಉತ್ಸಾಹದಿಂದ ಶುರುಮಾಡಿ, ಎರಡನೇ ಭಾನುವಾರಕ್ಕೆ ಇದು ನಮ್ಮ ಕೈಗೆ ಒಗ್ಗುವುದಲ್ಲ ಎಂದು ಎತ್ತಿಟ್ಟರು. ಕೈಯಲ್ಲಿ ದೋಷವಿರಲಿಲ್ಲ, ಗಡುವಿನಲ್ಲಿತ್ತು.

ನನ್ನ ಕೌದಿಯ ಹಿಂಬದಿಯ ಫೋಟೊ ಇದರೊಂದಿಗೆ ಇಟ್ಟಿದ್ದೇನೆ, ಬೇಕಾದರೆ ಬಳಸಿಕೊಳ್ಳಿ. ಮೂರನೇ ಸಾಲಿನಲ್ಲಿರುವ ಕಂದು ಚುಕ್ಕೆ ಬಟ್ಟೆಯ ವಿನ್ಯಾಸವಲ್ಲ, ಬೆರಳಿನ ರಕ್ತ. ತಣ್ಣೀರಿನಲ್ಲಿ ಆಗಲೇ ತೊಳೆಯಬೇಕಿತ್ತು, ನಾನು ಬಿಸಿನೀರು ಹಾಕಿದೆ.

— ನಿವೃತ್ತ ಲೆಕ್ಕಿಗ