‘ಶಾರ್ಟ್ ಸರ್ಕ್ಯೂಟ್’ ಅಂತ ಬರೆದು ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಕಾರ್ಖಾನೆಗೆ ಬೆಂಕಿ ಬಿದ್ದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾನು ಮೊದಲು ಕೊನೆಯ ಸಾಲು ಓದುತ್ತೇನೆ. ‘ಶಾರ್ಟ್ ಸರ್ಕ್ಯೂಟ್‌ನಿಂದ ಅವಘಡ ಸಂಭವಿಸಿರಬಹುದು ಎಂದು ಶಂಕಿಸಲಾಗಿದೆ.’ ಹೆಚ್ಚಿನ ಸಲ ಇದೇ ಸಾಲು. ಮಾರನೇ ದಿನ ಆ ಸುದ್ದಿಯೇ ಇರುವುದಿಲ್ಲ. ಶಾರ್ಟ್ ಆಯ್ತಂತೆ, ಬೆಂಕಿ ಬಿತ್ತಂತೆ, ಮುಗೀತು. ಸಿಡಿಲು ಬಡಿದ ಹಾಗೆ, ಯಾರ ಕೈಯಲ್ಲೂ ಏನೂ ಇರಲಿಲ್ಲ ಅನ್ನುವ ಹಾಗೆ.

ನಾನು 30 ವರ್ಷ ಕಾರ್ಖಾನೆಗಳಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿದವನು. ನನ್ನದೊಂದು ಕೋರಿಕೆ. ಆ ಸಾಲು ಬರೆಯುವ ಮುಂಚೆ ನಿಮ್ಮ ವರದಿಗಾರರು ಇನ್ನೊಂದೇ ಒಂದು ಪ್ರಶ್ನೆ ಕೇಳಲಿ: ‘ಬ್ರೇಕರ್ ಯಾಕೆ ಟ್ರಿಪ್ ಆಗಲಿಲ್ಲ?’ ಬ್ರೇಕರ್ ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗೇ ಲೈನ್ ಕತ್ತರಿಸುವ ಸ್ವಿಚ್; ಹಾಗೆ ಕತ್ತರಿಸುವುದಕ್ಕೇ ಟ್ರಿಪ್ ಅನ್ನುವುದು.

ಶಾರ್ಟ್ ಆಗುವುದು ಅಪರೂಪವೇನಲ್ಲ. ಇಲಿ ವೈರ್ ಕಡಿದರೂ ಆಗುತ್ತದೆ, ಮೋಟರಿನ ವೈಂಡಿಂಗ್ ಸುಟ್ಟರೂ ಆಗುತ್ತದೆ. ಎಂದಾದರೂ ಆಗಿಯೇ ಆಗುತ್ತದೆ ಅಂತ ಗೊತ್ತಿದ್ದೇ ಪ್ಯಾನಲ್‌ನಲ್ಲಿ ಬ್ರೇಕರ್ ಇಟ್ಟಿರುವುದು. ಸರಿಯಾದ ಎಂಸಿಬಿ (ಪ್ಯಾನಲ್‌ನಲ್ಲಿರುವ ಸಣ್ಣ ಬ್ರೇಕರ್) ಇದ್ದರೆ ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಲೈನ್ ಕತ್ತರಿಸುತ್ತದೆ. ಟಪ್ ಅಂತ ಒಂದು ಸದ್ದು, ಅಷ್ಟೇ. ಬೆಂಕಿ ಹತ್ತಿತು ಅಂದರೆ ಹೆಚ್ಚಿನ ಸಲ ಆ ಬ್ರೇಕರ್ ಸರಿ ಇರಲಿಲ್ಲ, ಇಲ್ಲವೇ ಶುರುವಾಗಿದ್ದು ಶಾರ್ಟ್‌ನಿಂದ ಅಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ, ತಪ್ಪು ಮಾಡಿ ಕಲಿತೆ. ನನ್ನ ಕೆಲಸದ ಮೊದಲ ವರ್ಷಗಳ ಮಾತು. ಒಂದು ಮೆಷಿನ್ನಿಗೆ 6 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹೋಗಿತ್ತು, 32 ಆಂಪ್ ಎಂಸಿಬಿ. ಸರಿಯಾಗೇ ಇತ್ತು. ಆಮೇಲೆ ಅದೇ ಲೈನಿಗೆ ಇನ್ನೊಂದು ಮೆಷಿನ್ ಸೇರಿಸಿದರು. ಎರಡೂ ಒಟ್ಟಿಗೆ ಓಡಿದರೆ 50 ಆಂಪ್ ದಾಟುತ್ತಿತ್ತು, ಸ್ವಲ್ಪ ಹೊತ್ತಿಗೆ ಎಂಸಿಬಿ ಟ್ರಿಪ್ ಆಗಿ ಬೀಳುತ್ತಿತ್ತು. ಸೂಪರ್‌ವೈಸರ್‌ಗೆ ತಲೆಬಿಸಿ. ‘ಪ್ರೊಡಕ್ಷನ್ ನಿಂತು ಹೋಗ್ತಿದೆ ಕಣೋ, ಏನಾದ್ರೂ ಮಾಡು’ ಅಂದರು. ಸ್ಟೋರ್‌ನಲ್ಲಿ 63 ಆಂಪ್‌ನದು ಇತ್ತು. ಹಾಕಿದೆ. ಕೇಬಲ್ ಮುಟ್ಟಲಿಲ್ಲ. ಅವತ್ತಿಂದ ಒಂದು ಸಲವೂ ಟ್ರಿಪ್ ಆಗಲಿಲ್ಲ. ‘ನಿನ್ನ ಕೈಗುಣ ಚೆನ್ನಾಗಿದೆ’ ಅಂತ ಸೂಪರ್‌ವೈಸರ್ ಬೆನ್ನು ತಟ್ಟಿದರು. ನಾನೂ ಉಬ್ಬಿದೆ.

ನಾಲ್ಕು ತಿಂಗಳಾಗಿರಬೇಕು. ನೈಟ್ ಶಿಫ್ಟ್‌ನಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಹುಡುಕಿಕೊಂಡು ಹೋಗುವಷ್ಟರಲ್ಲಿ ಟ್ರೇಯಲ್ಲಿದ್ದ ಕೇಬಲ್ ಕಟ್ಟೇ ಉರಿಯುತ್ತಿತ್ತು, ಕೆಳಗೆ ಜೋಡಿಸಿಟ್ಟ ರಟ್ಟಿನ ಪೆಟ್ಟಿಗೆಗಳಿಗೂ ಹತ್ತಿತ್ತು. ಮೇನ್ ಆಫ್ ಮಾಡಿ ಪೌಡರ್ ಸಿಲಿಂಡರ್ ಹೊಡೆದು ಆರಿಸಿದೆವು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ರಿಪೋರ್ಟ್‌ನಲ್ಲಿ ಕಾರಣ ಅಂತ ಏನು ಬರೆದರು ಹೇಳಿ? ಶಾರ್ಟ್ ಸರ್ಕ್ಯೂಟ್. ಕೆಳಗೆ ನನ್ನ ಸಹಿಯೂ ಇದೆ.

ಸುಳ್ಳು ಅನ್ನುವ ಹಾಗೂ ಇಲ್ಲ. ಶಾರ್ಟ್ ಆಗಿದ್ದು ನಿಜ, ಆದರೆ ಕೇಬಲ್ ಮೇಲಿನ ಇನ್ಸುಲೇಷನ್ (ಪ್ಲಾಸ್ಟಿಕ್ ಹೊದಿಕೆ) ಕರಗಿದ ಮೇಲೆ. ಅದನ್ನು ಕರಗಿಸಿದ್ದು ಆ ಕೇಬಲ್‌ಗೆ ಹೆಚ್ಚಾದ ಕರೆಂಟನ್ನು ಹರಿಯಬಿಟ್ಟ, ನಾನು ಹಾಕಿದ 63 ಆಂಪ್ ಎಂಸಿಬಿ. ಆ ಎಂಸಿಬಿ ಪ್ರಕಾರ 50 ಆಂಪ್ ಅಂದರೆ ಎಲ್ಲವೂ ಸರಿ ಇದೆ ಅಂತ. 91 ಆಂಪ್ ಹರಿದರೂ ಟ್ರಿಪ್ ಆಗಲು ಅದಕ್ಕೆ ಒಂದು ಗಂಟೆಯವರೆಗೆ ಅವಕಾಶ ಉಂಟು, ಸ್ಟ್ಯಾಂಡರ್ಡೇ ಹಾಗಿದೆ. ಬ್ರೇಕರ್ ಕಾಯುವುದು ಮೆಷಿನ್ನನ್ನಲ್ಲ, ಕೇಬಲನ್ನು. ಇಷ್ಟು ಗೊತ್ತಿರದ ಮ್ಯಾನೇಜರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬ್ರೇಕರ್ ಸರಿಯಿದ್ದೂ ಬೆಂಕಿ ಬೀಳುವುದುಂಟು. ಲೂಸ್ ಜಾಯಿಂಟ್. ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ಟೋಪಿ) ಸರಿಯಾಗಿ ಕ್ರಿಂಪ್ ಆಗಿಲ್ಲ, ಅಂದರೆ ಒತ್ತಿ ಬಿಗಿಯಾಗಿಲ್ಲ; ಬೋಲ್ಟ್ ಸಡಿಲ; ಅಲ್ಯೂಮಿನಿಯಂ ಕೇಬಲನ್ನು ತಾಮ್ರದ ಬಸ್‌ಬಾರಿಗೆ (ಪ್ಯಾನಲ್‌ನೊಳಗಿನ ದಪ್ಪ ಪಟ್ಟಿಗೆ) ಬೈಮೆಟಲ್ ಲಗ್, ಅಂದರೆ ಎರಡೂ ಲೋಹಕ್ಕೆ ಹೊಂದುವ ಲಗ್, ಇಲ್ಲದೆ ಕಟ್ಟಿದ್ದಾರೆ. ಆ ಜಾಗದಲ್ಲಿ ಒಂದು ಓಮ್‌ನ 20ನೇ ಒಂದು ಪಾಲು ರೆಸಿಸ್ಟೆನ್ಸ್ ಬಂತು ಅಂತಿಟ್ಟುಕೊಳ್ಳಿ. 40 ಆಂಪ್ ಹರಿದರೆ ಅಲ್ಲಿ 80 ವ್ಯಾಟ್ ಶಾಖ. ಪ್ಯಾನಲ್ ಒಳಗೆ ದೊಡ್ಡದೊಂದು ಸೋಲ್ಡರಿಂಗ್ ಐರನ್ ಹಗಲೂ ರಾತ್ರಿ ಆನ್ ಇಟ್ಟ ಹಾಗೆ. ಎಂಸಿಬಿಗೆ ಕಾಣುವುದು 40 ಆಂಪ್ ಮಾತ್ರ, ಶಾಖ ಕಾಣುವುದಿಲ್ಲ. ನಾನು ನೋಡಿದ ಸುಟ್ಟ ಪ್ಯಾನಲ್‌ಗಳಲ್ಲಿ ಇದೇ ಜಾಸ್ತಿ. ಲೋಡ್ ಇರುವಾಗ ಥರ್ಮಲ್ ಕ್ಯಾಮೆರಾ ಹಿಡಿದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಇನ್ನೊಂದು ವಿಷಯ ಮಾಲೀಕರಿಗೆ ಹೇಳಿದರೆ ನಂಬುವುದೇ ಇಲ್ಲ. ಎಂಸಿಬಿ ಮೇಲೆ ಸಣ್ಣ ಚೌಕದೊಳಗೆ 6000 ಅಂತಲೋ 10000 ಅಂತಲೋ ಬರೆದಿರುತ್ತದೆ. ಅದು ಕತ್ತರಿಸಬಲ್ಲ ಗರಿಷ್ಠ ಕರೆಂಟ್ ಅಷ್ಟು ಆಂಪ್. 1000 ಕೆವಿಎ ಟ್ರಾನ್ಸ್‌ಫಾರ್ಮರ್, 5 ಪರ್ಸೆಂಟ್ ಇಂಪಿಡೆನ್ಸ್ (ಕರೆಂಟಿಗೆ ಒಳಗಿರುವ ತಡೆ) ಆದರೆ, 415 ವೋಲ್ಟ್ ಬದಿಯಲ್ಲಿ ಅದರ ಬುಡದಲ್ಲೇ ಶಾರ್ಟ್ ಆದಾಗ ಸುಮಾರು 28 ಸಾವಿರ ಆಂಪ್ ನುಗ್ಗುತ್ತದೆ. ಅಲ್ಲಿ ಈ ಎಂಸಿಬಿ ಇದ್ದರೆ ಅದೇ ಸಿಡಿದು ಹೋಗಬಹುದು.

ಕಾರ್ಮಿಕ ಶಾಕ್ ಹೊಡೆದು ಸತ್ತ ಸುದ್ದಿಗೂ ಇದೇ ಮಾತು. ಎಂಸಿಬಿ ಮನುಷ್ಯನನ್ನು ಉಳಿಸುವುದಿಲ್ಲ. ಮೈಯಲ್ಲಿ ಒಂದು ಆಂಪ್‌ನ ಹತ್ತನೇ ಒಂದು ಪಾಲು ಹರಿದರೂ ಜೀವ ಹೋಗಬಹುದು, 32 ಆಂಪ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕತ್ತರಿಸುವ ಸ್ವಿಚ್) ಬೇಕು, ಅರ್ತಿಂಗ್ ಗಟ್ಟಿ ಇರಬೇಕು. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಅಂತ ಅದನ್ನು ಬೈಪಾಸ್ ಮಾಡಿ ವೈರ್ ಎಳೆದಿದ್ದನ್ನು ನಾನು ಎಷ್ಟು ಕಡೆ ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ಪದೇ ಪದೇ ಅದು ಸುಮ್ನೆ ಬೀಳುವುದಿಲ್ಲ ಸ್ವಾಮಿ, ಹೆಚ್ಚಿನ ಸಲ ಎಲ್ಲೋ ಲೀಕೇಜ್ ಇರುತ್ತದೆ. ಅದರ ಮೇಲಿರುವ ಟೆಸ್ಟ್ ಬಟನ್ ಒತ್ತಿ ನೋಡುವವರೇ ಇಲ್ಲ. ಎಷ್ಟೋ ಕಡೆ ಬಟನ್ ಮೇಲೆ ಪೇಂಟ್ ಬಳಿದಿರುತ್ತಾರೆ.

ನಿಮ್ಮ ವರದಿಗಾರರು ಎಲೆಕ್ಟ್ರಿಷಿಯನ್ ಆಗಬೇಕಿಲ್ಲ. ಬ್ರೇಕರ್ ಎಷ್ಟು ಆಂಪ್‌ನದಿತ್ತು, ಕೇಬಲ್ ಎಷ್ಟು ಸ್ಕ್ವೇರ್ ಎಂಎಂ, ಆರ್‌ಸಿಸಿಬಿ ಇತ್ತಾ, ಕೊನೆಯ ಸಲ ಯಾವಾಗ ಟೆಸ್ಟ್ ಮಾಡಿದ್ದರು. ಇಷ್ಟು ಕೇಳಿದರೆ ಸಾಕು. ಉತ್ತರ ಕೊಡದಿದ್ದರೆ ‘ಬ್ರೇಕರ್ ಯಾಕೆ ಟ್ರಿಪ್ ಆಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ’ ಅಂತಲೇ ಅಚ್ಚು ಹಾಕಿ.

ಇತಿ,
ನಿವೃತ್ತ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್