ಗೆಳೆಯನಿಗೊಂದು ಪತ್ರ: ಹಿಂಭಾರದ ಗಾಡಿ

ಪ್ರೀತಿಯ ಗೆಳೆಯ,

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ನಿನ್ನ ಹೊಸ ಟ್ರೈಲರಿನ ಫೋಟೋ ನೋಡಿದೆ. ಮುದ್ದಾಗಿದೆ. ಇಬ್ಬರು ಮಲಗೋಕೆ ಜಾಗ, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ, ಇನ್ನೇನು ಬೇಕು? ಆದರೆ ಫೋಟೋದ ಕೆಳಗೆ ಬರೆದಿದ್ದೀಯಲ್ಲ, ‘ಇದರ ಹಿಂದಕ್ಕೊಂದು ಕ್ಯಾರಿಯರ್ ಕೂರಿಸಿ, ಮೊಪೆಡ್ಡು ಮತ್ತು ಎರಡು ಸೈಕಲ್ಲು ಹಾಕಿಕೊಂಡು ಹೊರಟರೆ ಮುಗೀತು’ ಅಂತ, ಅದನ್ನು ಓದಿ ಎದೆ ಧಸಕ್ಕೆಂದಿತು. ಮುಗೀತು ಅನ್ನೋ ಮಾತೇನೋ ಸರಿ ಮಾರಾಯ. ನನ್ನದು ಸ್ವಲ್ಪದರಲ್ಲಿ ಮುಗಿದುಹೋಗುತ್ತಿತ್ತು.

ಫೋನಿನಲ್ಲಿ ಹೇಳಿದರೆ ನೀನು ಹೂಂಗುಟ್ಟಿ ಮರೆತುಬಿಡುತ್ತೀಯ. ಅದಕ್ಕೇ ಬರೆದು ಹಾಕುತ್ತಿದ್ದೇನೆ. ನಾಲ್ಕು ಜನ ಓದಿದರೂ ಒಳ್ಳೆಯದೇ. ಕೋಪ ಮಾಡಿಕೊಳ್ಳಬೇಡ.

ನಿನ್ನ ಆಸೆ ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ಸಲ ಟ್ರೈಲರ್ ನಿಲ್ಲಿಸಿ, ಅದರ ಕಾಲು ಊರಿ, ಮಟ್ಟ ನೋಡಿ, ಕಾರಿಗೂ ಅದಕ್ಕೂ ನಡುವೆ ಟಾರ್ಪಾಲು ಬಿಗಿದು ಕೂತಮೇಲೆ ಕಾರು ತೆಗೆಯಲು ಯಾರಿಗೆ ಮನಸ್ಸು ಬರುತ್ತೆ? ಎರಡು ಕಿಲೋಮೀಟರ್ ಆಚೆ ಹೋಗಿ ಒಂದು ಬೆಂಕಿಪೊಟ್ಟಣ ತರಲು ಇಡೀ ಸಂಸಾರ ಬಿಚ್ಚಬೇಕು. ಆಗ ಒಂದು ಸೈಕಲ್ ಇದ್ದರೆ ಎಷ್ಟು ಹಾಯಾಗಿರುತ್ತೆ ಅನ್ನೋದು ನನಗೂ ಗೊತ್ತು. ನಾನೂ ಇದೇ ಆಸೆಗೆ ಬಿದ್ದವನೇ.

ನನ್ನ ಟ್ರೈಲರ್ ಸಾಮಾನು ತುಂಬಿದಾಗ 600 ಕೆಜಿ ತೂಗುತ್ತಿತ್ತು. ಬೆಸುಗೆ ಅಂಗಡಿಯೊಂದರಲ್ಲಿ ಹಿಂದಿನ ಬಂಪರಿಗೆ ಕ್ಯಾರಿಯರ್ ಮಾಡಿಸಿದೆ. ‘ನೂರೈವತ್ತು ಕೆಜಿ ಹಾಕಿ, ಅಲ್ಲಾಡಲ್ಲ’ ಅಂತ ಅದರ ಮೇಲೆ ತಾವೇ ಹತ್ತಿ ನಿಂತು ತೋರಿಸಿದರು. ಅಲ್ಲಾಡಲಿಲ್ಲ, ನಿಜ. 45 ಕೆಜಿಯ ಹಳೇ ಪೆಡಲ್ ಮೊಪೆಡ್, ತಲಾ 15 ಕೆಜಿಯ ಎರಡು ಸೈಕಲ್ ಹಾಕಿದೆ. ಕ್ಯಾರಿಯರಿನದ್ದೇ ಇನ್ನೊಂದು 15 ಕೆಜಿ. ಒಟ್ಟು 90. ಆರುನೂರರ ಮುಂದೆ ತೊಂಬತ್ತು ಯಾವ ಲೆಕ್ಕ ಅಂದುಕೊಂಡೆ.

ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಉದ್ದನೆಯ ಇಳಿಜಾರು ಬಂತು. ವೇಗ 80 ದಾಟಿತ್ತು. ಪಕ್ಕದಲ್ಲಿ ಒಂದು ದೊಡ್ಡ ಲಾರಿ ಹಾದುಹೋಯಿತು, ಅದರ ಗಾಳಿ ತಾಗಿತು ಅಷ್ಟೇ. ಕನ್ನಡಿಯಲ್ಲಿ ಟ್ರೈಲರಿನ ಎಡ ಮೂಲೆ ಕಾಣಿಸಿತು, ಮಾಯವಾಯಿತು. ಬಲ ಮೂಲೆ ಕಾಣಿಸಿತು, ಮಾಯವಾಯಿತು. ಮತ್ತೆ ಎಡ, ಈ ಸಲ ಇನ್ನೂ ಜಾಸ್ತಿ. ಸ್ಟೀರಿಂಗ್ ನನ್ನ ಕೈಯಲ್ಲಿ ಇತ್ತು ಅನ್ನೋದು ಹೆಸರಿಗೆ ಮಾತ್ರ. ಪಕ್ಕದಲ್ಲಿದ್ದವಳು ಒಂದು ಮಾತೂ ಆಡಲಿಲ್ಲ, ಬಾಗಿಲಿನ ಹಿಡಿ ಮಾತ್ರ ಬಿಗಿಯಾಗಿ ಹಿಡಿದಿದ್ದಳು.

ಬ್ರೇಕ್ ಒತ್ತಲು ಕಾಲು ಹೋಗಿತ್ತು. ಅದೇನು ಪುಣ್ಯವೋ, ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟೆ. ಅರವತ್ತಕ್ಕೆ ಬಂದಾಗ ತೂಗಾಟ ಸಣ್ಣದಾಯಿತು, ಐವತ್ತಕ್ಕೆ ನಿಂತಿತು. ಅದು ಎಡಕ್ಕೆ ಎಳೆದಾಗ ನಾವು ಬಲಕ್ಕೆ ತಿರುಗಿಸಿ ಸರಿಮಾಡುತ್ತೇವೆ ಅಂತ ಹೊರಟರೆ ನಮ್ಮ ಕೈ ಯಾವಾಗಲೂ ಒಂದು ಗಳಿಗೆ ತಡ. ಉಯ್ಯಾಲೆ ತೂಗಿದ ಹಾಗೆ ಆಗುತ್ತೆ. ಇದೊಂದನ್ನು ನೆನಪಿಟ್ಟುಕೋ.

ರಸ್ತೆ ಪಕ್ಕ ನಿಲ್ಲಿಸಿ ಟ್ರೈಲರ್ ಬಿಚ್ಚಿದೆ. ಅದರ ಮುಂದಿನ ಕೊಕ್ಕೆಯನ್ನು, ಅದೇ ಕಪ್ಲರ್ ಅಂತೀವಲ್ಲ, ಸುಮ್ನೆ ಕೈಹಾಕಿ ಎತ್ತಿ ನೋಡಿದೆ. ಒಂದು ಕೊಡ ನೀರು ಎತ್ತಿದ ಹಾಗೆ ಎದ್ದು ಬಂತು. ಯಾವತ್ತೂ ಎರಡು ಕೈ ಹಾಕಿ, ಸೊಂಟ ಹಿಡಿದುಕೊಂಡು ಎತ್ತುತ್ತಿದ್ದ ಕೊಕ್ಕೆ ಅದು.

ಆಗ ಅರ್ಥವಾಯಿತು. ಎತ್ತಿನ ಗಾಡಿಗೆ ಹೇರು ಹೇರುವವರನ್ನು ಕೇಳು, ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಹಿಂಭಾರವಾದರೆ ಮೂಕಿ ಮೇಲೇಳುತ್ತೆ, ನೊಗ ಎತ್ತಿನ ಕುತ್ತಿಗೆ ಬಿಟ್ಟು ಏಳುತ್ತೆ. ಮುಂಭಾರವಾದರೆ ಎತ್ತು ಕುಸಿಯುತ್ತೆ. ಟ್ರೈಲರಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ತ್ರಿಕೋನವೂ ಮೂಕಿಯೇ. ಎತ್ತಿನ ಜಾಗದಲ್ಲಿ ಕಾರು ಇದೆ, ಅಷ್ಟೇ ವ್ಯತ್ಯಾಸ.

ಲೆಕ್ಕ ನೋಡು. ನನ್ನ ಟ್ರೈಲರಿನ ಅಚ್ಚಿನಿಂದ, ಅಂದರೆ ಎರಡು ಚಕ್ರ ಕೂಡಿಸುವ ಕಂಬಿಯಿಂದ, ಕಪ್ಲರಿಗೆ 3 ಮೀಟರ್. ಅಚ್ಚಿನಿಂದ ಹಿಂದಿನ ಕ್ಯಾರಿಯರಿಗೆ 2 ಮೀಟರ್. ಹಿಂದೆ ಹಾಕಿದ 90 ಕೆಜಿ, ಮುಂದೆ 60 ಕೆಜಿಯನ್ನು ಎತ್ತಿಬಿಡುತ್ತೆ. 90ನ್ನು 2ರಿಂದ ಗುಣಿಸಿ 3ರಿಂದ ಭಾಗಿಸು. ಕಾರಿನ ಟೋ ಬಾಲ್ ಮೇಲೆ, ಅದೇ ಕಪ್ಲರ್ ಕೂರುವ ಕಬ್ಬಿಣದ ಗುಂಡಿನ ಮೇಲೆ, ಮೊದಲು 70 ಕೆಜಿ ಕೂತಿತ್ತು. ಉಳಿದದ್ದು 10. ಅಮೆರಿಕದ ಕಡೆ ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಬಾಲ್ ಮೇಲೆ ಇರಲಿ ಅಂತಾರೆ. ಬ್ರಿಟನ್ನಿನಲ್ಲಿ 5ರಿಂದ 7 ಪಾಲು ಅಂತಾರೆ. ನನ್ನದು ನೂರಕ್ಕೆ ಒಂದೂವರೆಯೂ ಇರಲಿಲ್ಲ.

ಇಷ್ಟಾದರೂ ಬುದ್ಧಿ ಬಂತು ಅಂದುಕೊಂಡೆಯಾ? ಇಲ್ಲ. ಮುಂದೆ ತೂಕ ಕಡಿಮೆ ತಾನೇ, ಮುಂದೆಯೂ ಹಾಕಿದರಾಯಿತು ಅಂತ 20 ಲೀಟರಿನ ಎರಡು ನೀರಿನ ಕ್ಯಾನು ತುಂಬಿ ಮೂಕಿಯ ಮೇಲೆ ಕಟ್ಟಿದೆ. ಬಾಲ್ ಮೇಲೆ 40 ಕೆಜಿ ದಾಟಿತು. ಲೆಕ್ಕ ಸರಿಹೋಯಿತು ಅಂತ ಹೊರಟರೆ ಗಾಡಿ ಮಾತ್ರ ಸರಿಯಾಗಲಿಲ್ಲ. ಮೊದಲಿನಷ್ಟು ಬೇಗ ತೂಗಾಟ ಶುರುವಾಗುತ್ತಿರಲಿಲ್ಲ. ಆದರೆ ಒಂದು ಸಲ ಶುರುವಾದರೆ ನಿಲ್ಲಲು ಸತಾಯಿಸುತ್ತಿತ್ತು.

ಒಂದು ಉದ್ದನೆಯ ಕೋಲಿನ ಎರಡೂ ತುದಿಗೆ ಕಲ್ಲು ಕಟ್ಟಿ, ನಡುವೆ ಹಿಡಿದು ತಿರುಗಿಸಿ ನೋಡು. ತಿರುಗಿಸಲು ಕಷ್ಟ, ನಿಲ್ಲಿಸಲು ಇನ್ನೂ ಕಷ್ಟ. ಅದೇ ಕಲ್ಲನ್ನು ಕೈ ಹತ್ತಿರ ಕಟ್ಟಿದರೆ ಸಲೀಸು. ಅಚ್ಚಿನಿಂದ ದೂರ ಎರಡು ಪಟ್ಟಾದರೆ ಈ ಮೊಂಡುತನ ನಾಲ್ಕು ಪಟ್ಟಾಗುತ್ತೆ. ಅಂದರೆ ಹಿಂದಿನ ತಪ್ಪನ್ನು ಮುಂದಿನ ಭಾರದಿಂದ ತಿದ್ದಲು ಆಗುವುದಿಲ್ಲ. ತೂಕ ಅಚ್ಚಿನ ಮೇಲೇ ಬರಬೇಕು, ಇಲ್ಲವೇ ಟ್ರೈಲರ್ ಬಿಟ್ಟು ಕಾರಿಗೆ ಹೋಗಬೇಕು. ಇನ್ನೊಂದು ವಿಷಯ, ನನ್ನ ಟ್ರೈಲರಿನ ತಗಡಿನ ಮೇಲೆ 750 ಕೆಜಿಗಿಂತ ಜಾಸ್ತಿ ಬೇಡ ಅಂತ ಕೊರೆದಿತ್ತು. ಸೈಕಲ್, ಮೊಪೆಡ್, ಕ್ಯಾರಿಯರ್, ನೀರು ಎಲ್ಲ ಸೇರಿ ನಾನು 730ಕ್ಕೆ ಬಂದಿದ್ದೆ. ಆ ತಗಡನ್ನು ನೀನು ಓದಿದ್ದೀಯಾ? ನಿಜ ಹೇಳು.

ಆ ಪ್ರವಾಸ ಮುಗಿಸಿ ಬಂದು ಕ್ಯಾರಿಯರ್ ಒರೆಸುವಾಗ ಬಂಪರಿನ ಬೆಸುಗೆಯ ಪಕ್ಕದಲ್ಲಿ ತುಕ್ಕಿನ ಬಣ್ಣದ ಗೆರೆ ಕಂಡಿತು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಉಗುರು ಒಳಕ್ಕೆ ಸಿಕ್ಕಿಕೊಂಡಿತು. ಬಿರುಕು ಅದು. ಅಂಗಡಿಯವರು ಹತ್ತಿ ನಿಂತದ್ದು ನಿಂತ ಗಾಡಿಯ ಮೇಲೆ. ಓಡುವ ಗಾಡಿಯ ಹಿಂತುದಿ ಪ್ರತಿ ಹಳ್ಳಕ್ಕೂ ಚಾವಟಿ ಬೀಸಿದ ಹಾಗೆ ಮೇಲೆ ಕೆಳಗೆ ಹೋಗುತ್ತೆ. ಆಗ ಬೀಳುವ ಪೆಟ್ಟು ನಿಂತಾಗಿನ ತೂಕದ ಹಲವು ಪಟ್ಟು. ಟ್ರೈಲರಿನ ಬಂಪರ್ ತುಂಬಾ ಸಲ ತೆಳು ತಗಡಿನ ಚೌಕ ಕೊಳವೆ, ಭಾರ ಹೊರುವುದಕ್ಕೆ ಮಾಡಿದ್ದೇ ಅಲ್ಲ. ಕಾರಿಗೆ ಹಾಕುವ ಸೈಕಲ್ ರ‍್ಯಾಕುಗಳನ್ನು ಮಾಡುವವರಲ್ಲೂ ಹಲವರು ‘ಟ್ರೈಲರಿನ ಹಿಂದೆ ಹಾಕಬೇಡಿ’ ಅಂತ ಬರೆದೇ ಕೊಡುತ್ತಾರೆ. ನಾವು ಆ ಹಾಳೆಯನ್ನು ಡಬ್ಬಿಯ ಜೊತೆ ಬಿಸಾಕುತ್ತೇವೆ, ಅಲ್ವಾ?

ಅಂದಹಾಗೆ, ನಿನ್ನ ಅಡುಗೆ ಕಟ್ಟೆ ಇರುವುದೇ ಹಿಂದೆ. ಅಲ್ಲಿ ಕ್ಯಾರಿಯರ್ ಹಾಕಿದರೆ ಬಾಗಿಲು ಎತ್ತುವುದು ಹೇಗೆ? ನೀರು ಕಾಯಿಸಬೇಕಾದಾಗಲೆಲ್ಲ ಮೊಪೆಡ್ ಇಳಿಸುತ್ತೀಯಾ?

ಸೈಕಲ್ಲಿನದು ಸುಲಭ. ಮುಂದಿನ ಚಕ್ರ ಬಿಚ್ಚಿ ಕಾರಿನ ಒಳಗೆ ಹಾಕಿದರೆ ಎಲ್ಲಕ್ಕಿಂತ ಒಳ್ಳೆಯದು. ಮಳೆಯಿಲ್ಲ, ಧೂಳಿಲ್ಲ, ಕಳ್ಳರ ಕಣ್ಣಿಲ್ಲ. ಆಗದಿದ್ದರೆ ಕಾರಿನ ತಲೆಯ ಮೇಲೆ. ತಲೆಯ ಮೇಲೆ ಎಷ್ಟು ಕೆಜಿ ಹೊರಬಹುದು ಅಂತ ಕಾರಿನ ಪುಸ್ತಕದಲ್ಲೇ ಇರುತ್ತೆ, ರ‍್ಯಾಕಿನ ತೂಕವನ್ನೂ ಅದರಲ್ಲಿ ಸೇರಿಸಿಕೋ. ಬ್ಯಾಟರಿ ಸೈಕಲ್ ಆದರೆ 25 ಕೆಜಿ ಹತ್ತಿರ ಇರುತ್ತೆ. ಮೊದಲು ಬ್ಯಾಟರಿ ಬಿಚ್ಚಿ ಕಾರಿನೊಳಗೆ ಇಡು, ಮೂರು ನಾಲ್ಕು ಕೆಜಿ ಇಳಿಯುತ್ತೆ. ಕಾರ್ಬನ್ ಫ್ರೇಮಿನ ಸೈಕಲ್ ಆದರೆ ಫ್ರೇಮನ್ನು ಕಚ್ಚಿ ಹಿಡಿಯುವ ರ‍್ಯಾಕ್ ಬೇಡ, ಚಕ್ರ ಹಿಡಿಯುವಂಥದ್ದು ತಗೋ. ಆಮೇಲೆ ಕನ್ನಡಿಗೆ ಒಂದು ಚೀಟಿ ಅಂಟಿಸು, ‘ಮೇಲೆ ಸೈಕಲ್ ಇದೆ’ ಅಂತ. ನಗಬೇಡ. ತಗ್ಗು ಛಾವಣಿಯ ಕೆಳಗೆ ಕಾರು ನುಗ್ಗಿಸಿ ಸೈಕಲ್ ಮುರಿದುಕೊಂಡವರಿಗೆ ಲೆಕ್ಕವೇ ಇಲ್ಲ.

ಮೊಪೆಡ್ ಬಿಡಲಾರೆ ಅಂತ ನೀನು ಹಟ ಹಿಡಿಯುತ್ತೀಯ, ಗೊತ್ತು. ಆಗ ಉಳಿಯುವ ದಾರಿ ಮೂಕಿಯ ಮೇಲೆ, ಟ್ರೈಲರಿನ ಮೂಗಿಗೆ ಹತ್ತಿಕೊಂಡ ಹಾಗೆ ಅಡ್ಡಡ್ಡ ಕೂರಿಸುವುದು. ಹಿಂದೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇಲ್ಲೂ ಲೆಕ್ಕ ಬಿಡುವುದಿಲ್ಲ. ಅಚ್ಚಿನಿಂದ 2 ಮೀಟರ್ ಮುಂದೆ 60 ಕೆಜಿ ಇಟ್ಟರೆ ಬಾಲ್ ಮೇಲೆ 40 ಕೆಜಿ ಜಾಸ್ತಿ. ನನ್ನ 70, 110 ಆಗುತ್ತಿತ್ತು. ಸಣ್ಣ ಕಾರುಗಳ ಬಾಲ್ ತುಂಬಾ ಸಲ 75 ಕೆಜಿಗೇ ಸಾಕು ಅನ್ನುತ್ತೆ. ಮಿತಿ ಮೀರಿದರೆ ಕಾರಿನ ಹಿಂಭಾಗ ಕೂತು ಮುಂದಿನ ಚಕ್ರ ಹಗುರಾಗುತ್ತೆ, ಸ್ಟೀರಿಂಗಿಗೆ ಹಿಡಿತ ಸಾಲದು, ಹೆಡ್‌ಲೈಟು ಆಕಾಶ ನೋಡುತ್ತೆ. ಬಾಲ್ ತಡೆಯುತ್ತೆ ಅಂತಾದರೂ ಖಾಲಿ ಬಯಲಿನಲ್ಲಿ ಪೂರ್ತಿ ಸ್ಟೀರಿಂಗ್ ತಿರುಗಿಸಿ, ಹಿಂದಕ್ಕೆ ಒಂದು ಸಲ ತಗೊಂಡು ನೋಡು. ಕಾರಿನ ಮೂಲೆ ಮೊಪೆಡ್ಡಿನ ಹ್ಯಾಂಡಲಿಗೆ ತಾಗುತ್ತಾ ಅಂತ ಇನ್ನೊಬ್ಬರು ಇಳಿದು ನಿಂತು ನೋಡಲಿ. ಡಿಕ್ಕಿ ಬಾಗಿಲು ತೆರೆಯುತ್ತಾ ಅಂತಲೂ ನೋಡು.

ನೂರು ನೂರಹತ್ತು ಕೆಜಿಯ ಸ್ಕೂಟರಿನ ಕನಸು ಬಿಟ್ಟುಬಿಡು. ನಿನ್ನ ಟ್ರೈಲರಿಗೆ ಅದು ಆಗದ ಮಾತು. ಬೇಕೇ ಬೇಕು ಅಂದರೆ ಒಬ್ಬರು ಅದನ್ನು ಓಡಿಸಿಕೊಂಡೇ ಹಿಂದೆ ಬನ್ನಿ.

ಮೊಪೆಡ್ಡನ್ನು ಟ್ರೈಲರಿನ ಒಳಗೇ, ಅಚ್ಚಿನ ಮೇಲೆ ಮಲಗಿಸಿದರೆ? ತೂಕದ ದೃಷ್ಟಿಯಿಂದ ಅದೇ ಸರಿಯಾದ ಜಾಗ. ಆದರೆ ನೀವು ಮಲಗುವ ಜಾಗವೂ ಅದೇ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತೆ. ಒಳಗೆ ಗ್ಯಾಸಿನ ಫ್ರಿಜ್ಜೋ ಹೀಟರೋ ಉರಿಯುತ್ತಿದ್ದರೆ ಏನಾಗುತ್ತೆ ಅಂತ ಹೇಳಬೇಕಾ? ನಾನಂತೂ ಬೇಡ ಅಂತೀನಿ.

ಕಟ್ಟುವ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಟ್ಟಬೇಡ, ಎರಡೂ ಚಕ್ರ ಕ್ಯಾರಿಯರ್ ಮೇಲೇ ಊರಲಿ. ನಾಲ್ಕು ಮೂಲೆಗೆ ಹಿಡಿ ಆಡಿಸಿ ಬಿಗಿಸುವ ನಾಲ್ಕು ರ‍್ಯಾಚೆಟ್ ಬೆಲ್ಟ್, ಹಗ್ಗ ಬೇಡ. ಮುಂದಿನ ಶಾಕ್ ಅರ್ಧದಷ್ಟು ತಗ್ಗುವವರೆಗೆ ಎಳೆ, ಪೂರ್ತಿ ಅಮುಕಬೇಡ, ಆಯಿಲ್ ಸೀಲ್ ಹೋಗುತ್ತೆ. ಪ್ಲಾಸ್ಟಿಕ್ಕಿನ ಮೇಲಾಗಲಿ ಕೇಬಲ್ಲಿನ ಮೇಲಾಗಲಿ ಬೆಲ್ಟ್ ಹಾಯಬಾರದು. ಪೆಟ್ರೋಲ್ ಕಾಕ್ ಮುಚ್ಚು. ಗಾಳಿಗೆ ಬೆಲ್ಟ್ ಗುಂಯ್ ಅಂತ ಸದ್ದು ಮಾಡಿದರೆ ಒಂದು ಸುತ್ತು ತಿರುಚಿ ಬಿಗಿ, ನಿಂತುಹೋಗುತ್ತೆ. ಮೊದಲ ಇಪ್ಪತ್ತು ಕಿಲೋಮೀಟರಿಗೆ ಒಂದು ಸಲ ನಿಲ್ಲಿಸಿ ಮುಟ್ಟಿ ನೋಡು. ಟೈರು ಕೂತಿರುತ್ತೆ, ಬೆಲ್ಟ್ ಸಡಿಲಾಗಿರುತ್ತೆ. ನನಗೆ ಪ್ರತಿ ಸಲವೂ ಆಗಿದೆ.

ಈ ತಾಪತ್ರಯ ನಮಗೆ ಮಾತ್ರ ಬಂದದ್ದಲ್ಲ ನೋಡು. 1981ರಲ್ಲಿ ಹೋಂಡಾದವರು ಸಿಟಿ ಅನ್ನೋ ಪುಟ್ಟ ಕಾರು ತಂದಾಗ, ಅದರ ಡಿಕ್ಕಿಯಲ್ಲಿ ಕೂರುವ ಹಾಗೆಯೇ ಮೋಟೊಕಾಂಪೊ ಅನ್ನೋ 49 ಸಿಸಿಯ ಸ್ಕೂಟರನ್ನೂ ತಂದರು. ಹ್ಯಾಂಡಲ್, ಸೀಟು ಎಲ್ಲ ಮಡಿಸಿದರೆ ಒಂದು ಪೆಟ್ಟಿಗೆ. ಆದರೂ ನಲವತ್ತು ಕೆಜಿಗೆ ಮೇಲೇ. ಅದನ್ನು ಡಿಕ್ಕಿಗೆ ಎತ್ತಿ ಹಾಕುವವರ ಸೊಂಟದ ಗತಿ ಏನೋ! 2023ರಲ್ಲಿ ಅವರೇ ಅದೇ ವರಸೆಯ ಬ್ಯಾಟರಿ ಸ್ಕೂಟರ್ ಮಾಡಿದರು, ಅದು ಸುಮಾರು 19 ಕೆಜಿ. ನೋಡಲು ಸೂಟ್‌ಕೇಸಿನ ಹಾಗಿದೆ. ಗಂಟೆಗೆ 24 ಕಿಲೋಮೀಟರ್ ವೇಗ, ಒಂದು ಚಾರ್ಜಿಗೆ ಹೋಗುವುದು ಇಪ್ಪತ್ತು ಕಿಲೋಮೀಟರಿಗೂ ಒಳಗೆ. ಬೆಂಕಿಪೊಟ್ಟಣ ತರಲು ಸಾಕು.

ನಾನು ಕೊನೆಗೆ ಮಡಚುವ ಸೈಕಲ್ಲಿಗೆ ಬಂದೆ. 16 ಇಂಚಿನ ಚಕ್ರ, ತಲಾ 12 ಕೆಜಿ, ಎರಡೂ ಕಾರಿನ ಹಿಂದಿನ ಸೀಟಿನಲ್ಲೇ ಕೂರುತ್ತವೆ. ಏರಿನಲ್ಲಿ ಇಳಿದು ತಳ್ಳಬೇಕು, ಮೊಪೆಡ್ಡಿನ ಮಜಾ ಇಲ್ಲ, ಒಪ್ಪುತ್ತೇನೆ. ಮೊಪೆಡ್ ಮನೆಯಲ್ಲೇ ಇದೆ. ಕ್ಯಾರಿಯರ್ ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ, ಈಗ ಅದರ ಮೇಲೆ ಬಟ್ಟೆ ಒಣಗುತ್ತೆ.

ಈ ಭಾನುವಾರ ಒಂದು ಕೆಲಸ ಮಾಡು. ಹೊರಡುವ ದಿನ ತುಂಬುವ ಹಾಗೆಯೇ ಟ್ರೈಲರ್ ತುಂಬು, ನೀರು, ಹಾಸಿಗೆ, ಗ್ಯಾಸು ಎಲ್ಲಾ. ಸಮನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡು. ಮನೆಯಲ್ಲಿ ಮೈತೂಕ ನೋಡುವ ಯಂತ್ರ ಇದೆಯಲ್ಲ, ಅದನ್ನು ತಂದು, ಮೇಲೊಂದು ಮರದ ತುಂಡು ನಿಲ್ಲಿಸಿ, ಕಪ್ಲರನ್ನು ಅದರ ಮೇಲೆ ಇಳಿಸು. ಕಾರಿಗೆ ಕಟ್ಟಿದಾಗ ಎಷ್ಟು ಎತ್ತರದಲ್ಲಿ ಇರುತ್ತೋ ಅಷ್ಟೇ ಎತ್ತರದಲ್ಲಿ ಇರಲಿ, ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತೆ. ಆಮೇಲೆ ಅಚ್ಚಿನಿಂದ ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಅಂತ ಟೇಪು ಹಿಡಿದು ಅಳೆ.

ಈ ಮೂರು ಅಂಕಿಗಳ ಜೊತೆ ತಗಡಿನ ಮೇಲಿರುವುದನ್ನೂ ನನಗೆ ಬರೆದು ಕಳಿಸು. ಅಲ್ಲಿಯವರೆಗೆ ಬೆಸುಗೆ ಅಂಗಡಿಗೆ ಹೋಗಬೇಡ.

ನಿನ್ನ,
ಹಿಂಭಾರದ ಗೆಳೆಯ

ಮರೆತಿದ್ದೆ: ಮೈತೂಕದ ಯಂತ್ರ ಅತ್ತಿಗೆಯವರನ್ನು ಕೇಳಿ ತಗೋ. ನಾನು ಕೇಳದೆ ತಗೊಂಡು, ಅದರ ಗಾಜು ಒಡೆದು, ಆ ಜಗಳ ಇನ್ನೂ ಮುಗಿದಿಲ್ಲ.